ನಿಘಂಟಿಗೂ ಮೊದಲಿನ ಕಿಟ್ಟೆಲ್

ನವೆಂಬರ್ ಬಂತು ಅಂದ್ರೆ ಹೊರದೇಶದ ಕನ್ನಡ ಸಂಘಗಳ ವೇದಿಕೆ ಮೇಲೆ ಕಿಟ್ಟೆಲ್ ಕಥೆ ಒಂದು ಸಲವಾದ್ರೂ ಬರುತ್ತೆ. ಜರ್ಮನಿಯಲ್ಲಿರೋ ನಮಗಂತೂ ಅದು ಮನೆ ಆಸ್ತಿ ಇದ್ದ ಹಾಗೆ. ಕಥೆ ಮೂರೇ ವಾಕ್ಯದ್ದು. ದೂರದ ಜರ್ಮನಿಯಿಂದ ಒಬ್ಬರು ಬಂದರು. ಕನ್ನಡಕ್ಕೆ ಮನಸೋತರು. ನಿಘಂಟು ಕೊಟ್ಟು ಹೋದರು. ಚಪ್ಪಾಳೆ. ಆಮೇಲೆ ನಿರೂಪಕರು ಮುಂದಿನ ಸಾಲಲ್ಲಿ ಕೂತ ಮಕ್ಕಳ ಕಡೆ ತಿರುಗಿ, "ನೋಡಿದ್ರಾ, ಜರ್ಮನಿಯವರೇ ಕನ್ನಡ ಕಲಿತರು, ನಿಮಗೇನು ಕಷ್ಟ?" ಅಂತಾರೆ.

ಇದನ್ನ ಓದ್ತಿರೋ ನಿಮ್ಮಲ್ಲಿ ಕೆಲವರು ಆ ಮುಂದಿನ ಸಾಲಲ್ಲಿ ಕೂತಿದ್ದ ಮಕ್ಕಳು. ಇನ್ನು ಕೆಲವರು ಆ ನಿರೂಪಕರು. ಇಬ್ಬರಿಗೂ ಸೇರಿಸಿ ಈ ಬರಹ. ಕಿಟ್ಟೆಲ್ ನಿಘಂಟಿನ ಬಗ್ಗೆ ವಿಮರ್ಶೆ ಬೇಕಾದಷ್ಟಿದೆ. ನಾನು ಇಲ್ಲಿ ವಿಮರ್ಶೆ ಮಾಡೋಕೆ ಹೊರಟಿರೋದು ನಾವು ಹೇಳೋ ಕಿಟ್ಟೆಲ್ ಕಥೆಯನ್ನ. ಅದೂ ಒಂದು ಕೃತಿಯೇ. ಬರೆದವರ ಹೆಸರಿಲ್ಲದ, ಪ್ರತಿ ವರ್ಷ ಮರುಮುದ್ರಣ ಆಗೋ ಕೃತಿ. ಅದರಲ್ಲಿ ಏನು ಉಳಿಸಿಕೊಂಡಿದ್ದೀವಿ, ಏನು ಬಿಟ್ಟಿದ್ದೀವಿ ಅಂತ ನೋಡಿದ್ರೆ ಕಿಟ್ಟೆಲ್ ಬಗ್ಗೆ ತಿಳಿಯೋದಕ್ಕಿಂತ ನಮ್ಮ ಬಗ್ಗೆಯೇ ಹೆಚ್ಚು ತಿಳಿಯುತ್ತೆ.

ಮೊದಲ ಲೋಪ ವ್ಯಾಕರಣದ್ದು. ನಾವು ಯಾವಾಗಲೂ "ರೆವರೆಂಡ್ ಕಿಟ್ಟೆಲ್ ಅವರು" ಅಂತೀವಿ. ಆ ಬಹುವಚನ ಬಂದ ತಕ್ಷಣ ಕಣ್ಣ ಮುಂದೆ ಬರೋದು ಬಿಳಿ ಗಡ್ಡದ ಮುದುಕರು, ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಪ್ರತಿಮೆಯ ಹಾಗೆ. ಆದರೆ 1853ರಲ್ಲಿ ಹಿಂದೂಸ್ತಾನಕ್ಕೆ ಬಂದಾಗ ಫರ್ಡಿನಂಡ್ ಕಿಟ್ಟೆಲ್‌ಗೆ 21 ವರ್ಷ. ನಮ್ಮೂರಲ್ಲಿ ಆ ವಯಸ್ಸಿನವನನ್ನ ಯಾರೂ "ಅವರು" ಅನ್ನಲ್ಲ, "ಆ ಹುಡುಗ" ಅಂತಾರೆ. ಆದ್ದರಿಂದ ಈ ಬರಹದ ಮಟ್ಟಿಗೆ ನಾನೂ ಏಕವಚನದಲ್ಲೇ ಮಾತಾಡ್ತೀನಿ. ಗೌರವ ಕಮ್ಮಿ ಮಾಡೋಕಲ್ಲ, ವಯಸ್ಸು ನೆನಪಿರಲಿ ಅಂತ.

ಅವನು ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕರಾವಳಿಯ ಈಸ್ಟ್ ಫ್ರಿಸಿಯಾ ಸೀಮೆಯ ರೆಸ್ಟರ್‌ಹಾಫೆ ಅನ್ನೋ ಸಣ್ಣ ಊರಲ್ಲಿ, ಒಬ್ಬ ಪಾದ್ರಿಯ ಮನೆಯಲ್ಲಿ. ಆಗ ಜರ್ಮನಿ ಅನ್ನೋ ಒಂದು ದೇಶವೇ ಇರಲಿಲ್ಲ. ಅದು ಒಂದಾಗಿದ್ದು 1871ರಲ್ಲಿ. 1850ರಲ್ಲಿ ಅವನು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಮಿಶನ್ ಶಾಲೆ ಸೇರಿದ. ಆ ಮಿಶನ್ ತುಂಬ ದಕ್ಷಿಣದ ವ್ಯೂರ್ಟೆಂಬರ್ಗ್ ಸೀಮೆಯವರು. ಜರ್ಮನಿಯಲ್ಲಿ ಇದ್ದವರಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತೆ. ಉತ್ತರ ಕರಾವಳಿಯ ಮಾತಿಗೂ ಇಲ್ಲಿನ ಶ್ವೇಬಿಷ್ ಮಾತಿಗೂ ಇರೋ ದೂರ, ಬೀದರಿಗೂ ಕುಂದಾಪುರಕ್ಕೂ ಇರೋ ದೂರದ ಹಾಗೆ. ಸ್ಟುಟ್‌ಗಾರ್ಟಿನ ನನ್ನ ಆಫೀಸಿನಲ್ಲಿ ಉತ್ತರದ ಕಡೆಯಿಂದ ಬಂದ ಸಹೋದ್ಯೋಗಿಗಳು ಊಟದ ಮೇಜಿನಲ್ಲಿ ಅರ್ಧ ಮಾತು ಅರ್ಥವಾಗದೆ ನನ್ನ ಹಾಗೇ ಸುಮ್ಮನೆ ತಲೆಯಾಡಿಸೋದನ್ನ ನಾನು ನೋಡಿದ್ದೀನಿ. ಅಂದ್ರೆ ಕಿಟ್ಟೆಲ್‌ಗೆ ಮೊದಲ ಪರದೇಶ ಧಾರವಾಡವಲ್ಲ, ಬಾಸೆಲ್. ಹಡಗು ಹತ್ತೋದಕ್ಕೂ ಮೊದಲೇ ಅವನು ಹೊರಗಿನವನಾಗಿರೋದನ್ನ ಒಂದು ಸುತ್ತು ಅಭ್ಯಾಸ ಮಾಡಿದ್ದ ಅಂತ ನನ್ನ ಓದು.

ಆಮೇಲೆ ಹಡಗು. ಸೂಯೆಜ್ ಕಾಲುವೆ ತೆರೆಯೋಕೆ ಇನ್ನೂ 16 ವರ್ಷ ಬಾಕಿ ಇತ್ತು. ರಜೆಗೆ ಮನೆಗೆ ಹೋಗಿಬರೋದು ಅನ್ನೋ ಮಾತೇ ಇಲ್ಲ. ಬಂದು ಇಳಿದಿದ್ದು ಎಂಥ ಊರಿಗೆ? ಆಗಿನ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಕಚೇರಿ, ಶಾಲೆಗಳಲ್ಲಿ ಮರಾಠಿಯದೇ ಜೋರು. ಬೀದಿಯಲ್ಲಿ ಕನ್ನಡ, ಆದರೆ ಅದು ಪುಸ್ತಕದ ಕನ್ನಡವಲ್ಲ. ಪುಸ್ತಕದ ಕನ್ನಡದಲ್ಲೂ ಹಳೆಯದು ಬೇರೆ, ಹೊಸದು ಬೇರೆ. ಪಾಠದಲ್ಲಿ "ಹೋಗುತ್ತೇನೆ" ಅಂತ ಕಲಿತು ಸಂತೆಗೆ ಹೋದರೆ ಅಲ್ಲಿ "ಹೊಕ್ಕೇನಿ", "ಹೋಗ್ತೇನ್ರಿ". ನೀವು ಭಾನುವಾರದ ಕನ್ನಡ ಶಾಲೆಯಲ್ಲಿ ಕಲಿತ ಕನ್ನಡ ಇಟ್ಟುಕೊಂಡು ಅಜ್ಜಿ ಮನೆಗೆ ಹೋಗಿ, ಸೋದರಮಾವಂದಿರ ಮಾತಿನ ವೇಗಕ್ಕೆ ಕಕ್ಕಾಬಿಕ್ಕಿಯಾದ ದಿನ ನೆನಪಿದೆಯಾ? ಅದೇ ಊರಲ್ಲಿ, ವಾಪಸ್ ಟಿಕೆಟ್ ಇಲ್ಲದೆ, ಜೀವನಪೂರ್ತಿ ಅಂತ ಅಂದ್ಕೊಂಡು ನೋಡಿ.

ಎರಡನೆಯ ಲೋಪ ಉದ್ದೇಶದ್ದು. ನಮ್ಮ ಕಥೆಯಲ್ಲಿ ಅವನು ಕನ್ನಡಕ್ಕೆ ಮನಸೋತು ಬಂದ. ನಿಜವಾಗಿ ಅವನು ಬಂದಿದ್ದು ಜನರನ್ನ ಕ್ರೈಸ್ತರನ್ನಾಗಿ ಮಾಡೋಕೆ. ಇದನ್ನ ಮುಚ್ಚಿಡೋ ಅಗತ್ಯ ಅವನಿಗಿರಲಿಲ್ಲ, ಇದ್ದದ್ದು ನಮಗೆ. ವೇದಿಕೆ ಮೇಲೆ ಇದನ್ನ ಹೇಳಿದರೆ ಚಪ್ಪಾಳೆ ಸ್ವಲ್ಪ ತಡವರಿಸುತ್ತೆ. ಅದಕ್ಕೇ ಕತ್ತರಿ. ಇನ್ನೊಂದು ಕಡೆ, ವಾಟ್ಸಾಪ್ ಗುಂಪುಗಳಲ್ಲಿ ಓಡಾಡೋ ಇದಕ್ಕೆ ತಿರುಗಾಮುರುಗಾದ ಕಥೆಯೂ ಇದೆ: ಎಲ್ಲಾ ಮತಾಂತರದ ಹುನ್ನಾರ, ನಿಘಂಟೂ ಅದರದೇ ಹತ್ಯಾರು. ಎರಡೂ ಕಥೆಗಳ ಕಷ್ಟ ಒಂದೇ. ಒಬ್ಬ ಮನುಷ್ಯನಿಗೆ 21ರಿಂದ 71ರವರೆಗೂ ಒಂದೇ ಉದ್ದೇಶ ಇತ್ತು, ಅದು ಒಂದಿಷ್ಟೂ ಕದಲಲಿಲ್ಲ ಅಂತ ಎರಡೂ ನಂಬುತ್ತವೆ.

ನನ್ನ ಕಸುಬು ಡೇಟಾ ಸೈನ್ಸ್. ನಮ್ಮಲ್ಲಿ ಗುಡ್‌ಹಾರ್ಟ್ ನಿಯಮ ಅಂತ ಒಂದು ಮಾತಿದೆ: ಯಾವುದೋ ಒಂದು ಅಳತೆಯನ್ನೇ ಗುರಿ ಮಾಡಿಕೊಂಡ ದಿನ, ಅದು ಒಳ್ಳೆ ಅಳತೆಯಾಗಿ ಉಳಿಯೋದಿಲ್ಲ. ಮಿಶನ್‌ಗೂ ಒಂದು ಅಳತೆ ಇತ್ತು, ಎಷ್ಟು ಜನ ದೀಕ್ಷಾಸ್ನಾನ ಪಡೆದರು ಅಂತ. ಆ ಕಂಬದಲ್ಲಿ ಕಿಟ್ಟೆಲ್ ಹೆಸರಿನ ಮುಂದೆ ಹೇಳಿಕೊಳ್ಳೋ ಅಂಥದ್ದೇನೂ ಇರಲಿಲ್ಲ. ಊರೂರು ತಿರುಗಿದ, ಜನರ ಮಧ್ಯೆ ಅವರಂತೆಯೇ ಇರಬೇಕು ಅಂತ ಹಠ ಹಿಡಿದ, ಹಾಡು ಕೇಳಿದ, ಛಂದಸ್ಸು ಕಲಿತ. ಹಿರಿಯರಿಗೆ ಅವನ ಓದಿನ ಹುಚ್ಚು ಅಷ್ಟಾಗಿ ಹಿಡಿಸಲಿಲ್ಲ. ಪ್ರಚಾರಕನಾಗಿ ಅವನು ಯಶಸ್ವಿಯಾಗಲಿಲ್ಲ. ಮಂಗಳೂರಿನ ಅಚ್ಚುಕೂಟದ ಕೆಲಸಕ್ಕೆ, ಪುಸ್ತಕದ ಕೆಲಸಕ್ಕೆ ಒದಗಿದ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ, ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ಕಡಿಮೆ ಅಂಕ ಸಿಕ್ಕಿದ ಕೆಲಸಗಾರ. ಅವನು ದಿನವಿಡೀ ಮಾಡ್ತಿದ್ದ ಕೆಲಸಕ್ಕೆ ಆ ಪಟ್ಟಿಯಲ್ಲಿ ಕಂಬವೇ ಇರಲಿಲ್ಲ.

ಹಾಗಂತ ಮಿಶನ್ ಬೇರೆ, ಪಾಂಡಿತ್ಯ ಬೇರೆ ಅಂತ ಗೆರೆ ಎಳೆಯೋದೂ ಸುಳ್ಳಾಗುತ್ತೆ. 1862ರಲ್ಲಿ ಅವನು ಬರೆದ ಕಥಾಮಾಲೆ ನೋಡಿ. ಯೇಸುವಿನ ಬದುಕಿನ ಕಥೆ, ಆದರೆ ನಮ್ಮ ಛಂದಸ್ಸಿನಲ್ಲಿ. ಹೊರಗಿನಿಂದ ನೋಡಿದರೆ ಇದೊಂದು ಜಾಣ ತಂತ್ರ: ಜನಕ್ಕೆ ಗೊತ್ತಿರೋ ಧಾಟಿಯಲ್ಲಿ ಗೊತ್ತಿಲ್ಲದ ವಿಷಯ ತುಂಬೋದು. ಆದರೆ ಆ ಧಾಟಿ ಕೈಗೆ ಹತ್ತಬೇಕಾದ್ರೆ ಎಷ್ಟು ವರ್ಷ ಅದನ್ನ ಬೇರೆಯವರ ಬಾಯಲ್ಲಿ ಕೇಳಿರಬೇಕು? ಹೇಳೋಕೆ ಬಂದವನು ಕೇಳೋಕೆ ಕೂತುಬಿಟ್ಟ ಅನ್ನೋದು ನನಗೆ ಇಲ್ಲಿ ಕಾಣೋ ಸಂಗತಿ. ನಂಬಿಕೆ ಅವನು ಬಿಡಲಿಲ್ಲ, ಕೊನೆಯವರೆಗೂ. ಆದರೆ ಕೇಳಿಸಿಕೊಳ್ಳೋ ಚಟವನ್ನೂ ಬಿಡಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಸಂಪಾದಿಸಿ ಅಚ್ಚು ಹಾಕಿಸಿದ. ಹಳಗನ್ನಡದ ವ್ಯಾಕರಣ ಮತ್ತು ಛಂದಸ್ಸಿನ ಗ್ರಂಥದಿಂದ ಯಾರ ಮತಾಂತರ ಆಗಬೇಕು ಹೇಳಿ? ಉದ್ದೇಶ ಅಷ್ಟು ಹೊತ್ತಿಗೆ ದಾರಿ ಬಿಟ್ಟು ಎಷ್ಟೋ ದೂರ ಬಂದಿತ್ತು.

ಈಗ ನಿಘಂಟಿಗೆ ಬರೋಣ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್‌ನಿಂದ ಹೊರಬಂತು. 1,752 ಪುಟ, ಸುಮಾರು 70,000 ಪದ. ಆಗ ಅವನಿಗೆ 62 ವರ್ಷ. ಬಂದ ದಿನದಿಂದ ಲೆಕ್ಕ ಹಾಕಿದ್ರೆ 41 ವರ್ಷ. "ಜರ್ಮನಿಯವರೇ ಕಲಿತರು, ನಿಮಗೇನು ಕಷ್ಟ" ಅನ್ನೋ ನಿರೂಪಕರು ಈ 41 ಅನ್ನೋ ಅಂಕಿಯನ್ನ ಒಮ್ಮೆ ಗಟ್ಟಿಯಾಗಿ ಓದಿದರೆ ಸಾಕು, ಮುಂದಿನ ಸಾಲಿನ ಮಕ್ಕಳಿಗೆ ಎಷ್ಟೋ ನೆಮ್ಮದಿ.

ಇನ್ನೂ ಒಂದು ಸಂಗತಿ ಇದೆ, ನನಗೆ ಇಡೀ ಕಥೆಯಲ್ಲಿ ಹೆಚ್ಚು ಮುಖ್ಯ ಅನ್ನಿಸೋದು. 1877ರಲ್ಲಿ ಅವನು ಜರ್ಮನಿಗೆ ವಾಪಸ್ ಹೋದ. ಅಲ್ಲೇ ಇದ್ದು, ಸಂಗ್ರಹಿಸಿದ ಚೀಟಿಗಳನ್ನ ಜೋಡಿಸಿ, ಒಂದು ನಿಘಂಟು ಅಂತ ಮುಗಿಸಬಹುದಿತ್ತು. 1832ರಷ್ಟು ಹಿಂದೆಯೇ ವಿಲಿಯಂ ರೀವ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು ಇತ್ತು, ಅದಕ್ಕೆ ಒಂದಿಷ್ಟು ಸೇರಿಸಿದ್ದರೂ ಯಾರೂ ಬೇಡ ಅಂತಿರಲಿಲ್ಲ. ಆದರೆ 1883ರಲ್ಲಿ, 51ನೇ ವಯಸ್ಸಿನಲ್ಲಿ, ಅವನು ಮತ್ತೆ ಬಂದ. ಸುಮಾರು ಒಂಬತ್ತು ವರ್ಷ ಇದ್ದ. ಯಾಕೆ? ಚೀಟಿಯಲ್ಲಿ ಬರೆದಿಟ್ಟ ಪದಕ್ಕೆ ಪ್ರಾಣ ಇದೆಯೋ ಇಲ್ಲವೋ ಅಂತ ತಿಳಿಯಬೇಕಾದ್ರೆ ಅದನ್ನ ಆಡೋರನ್ನ ಕೇಳಬೇಕು. ಆಡೋರು ಇದ್ದದ್ದು ಇಲ್ಲಿ. 21ರಲ್ಲಿ ಬಂದಿದ್ದು ಕಳಿಸಿದ್ದಕ್ಕೆ. 51ರಲ್ಲಿ ಬಂದಿದ್ದು ಬೇಕಾಗಿದ್ದಕ್ಕೆ. ನಮ್ಮ ಮೂರು ವಾಕ್ಯದ ಕಥೆಯಲ್ಲಿ "ಬಂದರು" ಅನ್ನೋ ಕ್ರಿಯಾಪದ ಒಂದೇ ಸಲ ಬರುತ್ತೆ. ಎರಡನೇ ಸಲ ಬಂದಿದ್ದೇ ನಿಜವಾದ ಕಥೆ.

ನಿಘಂಟನ್ನ ತೆರೆದು ನೋಡಿದವರಿಗೆ ಗೊತ್ತು, ಅದು ಬರೀ ಅರ್ಥದ ಪಟ್ಟಿ ಅಲ್ಲ. ಒಂದು ಪದ ಹಿಡಿದರೆ ಅದಕ್ಕೆ ತಮಿಳು, ತೆಲುಗು, ಮಲಯಾಳಂ, ತುಳುಗಳಲ್ಲಿ ನೆಂಟರಿದ್ದಾರಾ ಅಂತ ಹುಡುಕುತ್ತಾನೆ. ಹಳೇ ಕಾವ್ಯದಲ್ಲಿ ಎಲ್ಲಿ ಬಂತು ಅಂತ ತೋರಿಸುತ್ತಾನೆ. ಅದರ ಪಕ್ಕದಲ್ಲೇ ಜನ ಬಳಸೋ ಗಾದೆ ಇಡ್ತಾನೆ. ಪಂಡಿತರ ಓಲೆಗರಿಯೂ ಹೊಲದ ಬದುವಿನ ಗಾದೆಯೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿರೋ ಜಾಗ ಅದು. ಆ ಕಾಲದಲ್ಲಿ ಆ ಇಬ್ಬರನ್ನ ಒಂದೇ ಪಂಕ್ತಿಯಲ್ಲಿ ಕೂರಿಸೋಕೆ ಹೊರಗಿನವನೇ ಬೇಕಿತ್ತೇನೋ. ಅವನಿಗೆ ಎರಡೂ ಅಷ್ಟೇ ಹೊಸದು. ಯಾವುದು ಮೇಲು, ಯಾವುದು ಕೀಳು ಅಂತ ನಾವು ಹಾಲಿನ ಜೊತೆ ಕುಡಿದು ಬೆಳೆದ ಭೇದ ಅವನ ಕಿವಿಗೆ ಇರಲಿಲ್ಲ. ಹೊಸ ಊರಿನ ಅನನುಕೂಲವೇ ಇಲ್ಲಿ ಅನುಕೂಲವಾಗಿದೆ.

ಕೊರತೆ ಇಲ್ಲವೇ ಅಂದ್ರೆ, ಇದೆ. ಸಂಸ್ಕೃತದ ತತ್ಸಮಗಳು ಪುಟಗಟ್ಟಲೆ ಹರಡಿವೆ; ಬಾಯಲ್ಲಿ ಎಂದೂ ಕೇಳದ ಪದಗಳ ಮಧ್ಯೆ ಬಾಯಲ್ಲಿ ಆಡೋ ಪದವನ್ನ ಹುಡುಕಬೇಕಾಗುತ್ತೆ. ಅರ್ಥಗಳೆಲ್ಲಾ ಇಂಗ್ಲಿಷಿನಲ್ಲಿ, ಅದೂ ಹತ್ತೊಂಬತ್ತನೇ ಶತಮಾನದ ಇಂಗ್ಲಿಷಿನಲ್ಲಿ, ಹೀಗಾಗಿ ಕೆಲವು ಕಡೆ ಕನ್ನಡ ಪದವೇ ಸುಲಭ, ಅರ್ಥವೇ ಕಠಿಣ. ಇವೆಲ್ಲಕ್ಕಿಂತ ದೊಡ್ಡ ಕೊರತೆ ಮುಖಪುಟದ್ದು. ಅಲ್ಲಿರೋದು ಒಂದೇ ಹೆಸರು. ಎಪ್ಪತ್ತು ಸಾವಿರ ಪದ ಒಬ್ಬ ಪರದೇಶಿಯ ಕಿವಿಗೆ ತಾನಾಗಿ ಬಂದು ಬೀಳೋದಿಲ್ಲ. ಪ್ರತಿ ಪದದ ಹಿಂದೆ "ಹಾಂಗಲ್ರೀ ಸಾಹೇಬ್ರ, ಹಿಂಗನ್ಬೇಕು" ಅಂತ ತಿದ್ದಿದ ಯಾರೋ ಒಬ್ಬರು ಇರಲೇಬೇಕು. ಓಲೆಗರಿ ಬಿಚ್ಚಿ ಓದಿಕೊಟ್ಟ ಪಂಡಿತರು, ಗಾದೆ ಹೇಳಿದ ಒಕ್ಕಲಿನವರು, ಬಹುಶಃ ಮನೆಗೆಲಸದವರು. ಯಂತ್ರಕ್ಕೆ ಭಾಷೆ ಕಲಿಸೋ ನಮ್ಮ ಕಾಲದಲ್ಲೂ ಇದೇ ಪಾಡು. ದತ್ತಾಂಶಕ್ಕೆ ಗುರುತು ಹಾಕಿ ಕೊಡೋ ಸಾವಿರಾರು ಕೈಗಳ ಹೆಸರು ಯಾವ ಮುಖಪುಟದಲ್ಲೂ ಇರಲ್ಲ. ಅದಕ್ಕೇ ಈ ಕೊರತೆ ನನಗೆ ಹಳೇದು ಅನ್ನಿಸೋದಿಲ್ಲ.

ಮನೆಯವರ ಮಾತೂ ಕಥೆಯಲ್ಲಿಲ್ಲ. 1860ರಲ್ಲಿ ಪೌಲೀನ ಅನ್ನೋ ಹೆಣ್ಣುಮಗಳು ಅವನನ್ನ ಮದುವೆಯಾದಳು. 1864ರಲ್ಲಿ ತೀರಿಕೊಂಡಳು. ಆಮೇಲೆ ಅವನು ಮದುವೆಯಾಗಿದ್ದು ಅವಳ ಸೋದರಿಯನ್ನ. ಆ ಎರಡನೆಯವಳು, ಅಕ್ಕತಂಗಿಯರಲ್ಲಿ ಒಬ್ಬಳನ್ನ ನುಂಗಿದ ಊರಿಗೆ ಗೊತ್ತಿದ್ದೂ ಹೋಗಬೇಕಾದವಳು. ಹೊಸ ಊರಿಗೆ ಹೊಂದಿಕೊಳ್ಳೋದು ಅನ್ನೋದನ್ನ ನಾವು ಗಂಡಸೊಬ್ಬನ ಸಾಹಸದ ಥರ ಹೇಳ್ತೀವಿ. ಗಂಡನ ವೀಸಾದ ಮೇಲೆ ಬಂದು, ತನ್ನ ಪದವಿಯನ್ನ ಪೆಟ್ಟಿಗೆಯಲ್ಲೇ ಇಟ್ಟು, ಮೊದಲ ಚಳಿಗಾಲವನ್ನ ಕಿಟಕಿಯ ಪಕ್ಕ ಕಳೆದ ಹೆಂಗಸರು ನಮ್ಮ ಸಂಘಗಳಲ್ಲಿ ಎಷ್ಟು ಜನ ಇಲ್ಲ? ಅವರ ಮೇಲೂ ಯಾರೂ ಸ್ಲೈಡ್ ಮಾಡಿಲ್ಲ.

ಮೂರನೆಯ ಲೋಪ ದಿಕ್ಕಿನದ್ದು. ನಮ್ಮ ಕಥೆಯಲ್ಲಿ ಪಯಣ ಯಾವಾಗಲೂ ಅಲ್ಲಿಂದ ಇಲ್ಲಿಗೆ. ಆದರೆ ಅದೇ ಬಾಸೆಲ್ ಮಿಶನ್ ಮನೆಯಲ್ಲಿ, ಕಿಟ್ಟೆಲ್ ಹೋಗಿ ಸೇರೋ ಹೊತ್ತಿಗೆ, ಮಂಗಳೂರಿನ ಹುಡುಗನೊಬ್ಬ ಆಗಲೇ ಓದ್ತಾ ಇದ್ದ. ಆನಂದರಾವ್ ಕೌಂಡಿನ್ಯ. ಸಾರಸ್ವತ ಬ್ರಾಹ್ಮಣರ ಮನೆಯವನು. 1844ರಲ್ಲಿ ಕ್ರೈಸ್ತನಾದ, ಊರಲ್ಲಿ ದೊಡ್ಡ ಗದ್ದಲವೇ ಎದ್ದಿತು. 1846ರಲ್ಲಿ ಹರ್ಮನ್ ಮೋಗ್ಲಿಂಗ್ ಜೊತೆ ಬಾಸೆಲ್‌ಗೆ ಹೋದ. ಹೌದು, 1836ರಲ್ಲಿ ಮಂಗಳೂರಿಗೆ ಬಂದು, ಬರೀ ಏಳೇ ವರ್ಷದಲ್ಲಿ, 1843ರ ಜುಲೈ 1ಕ್ಕೆ, ಕಲ್ಲಚ್ಚಿನಲ್ಲಿ ಮಂಗಳೂರ ಸಮಾಚಾರ ಅನ್ನೋ ಕನ್ನಡದ ಮೊದಲ ಪತ್ರಿಕೆ ತಂದ ಅದೇ ಮೋಗ್ಲಿಂಗ್. ಕೌಂಡಿನ್ಯ ಅಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು, ಮಂಗಳೂರಿಗೆ ಮಿಶನರಿಯಾಗಿಯೇ ಮರಳಿದ.

ಯೋಚನೆ ಮಾಡಿ. ಇಪ್ಪತ್ತರ ಆಸುಪಾಸಿನ ಹುಡುಗ. ಮನೆಮಾತು ಕೊಂಕಣಿ, ಬೀದಿಯಲ್ಲಿ ತುಳು, ಓದಿಗೆ ಕನ್ನಡ, ಇಂಗ್ಲಿಷ್. ಅಲ್ಲಿಂದ ಎತ್ತಿ ರೈನ್ ನದಿಯ ದಂಡೆಯ ಚಳಿಯಲ್ಲಿ, ಜರ್ಮನ್ ಮಾತಿನ ಮಧ್ಯೆ ಇಟ್ಟರೆ? ಕಿಟ್ಟೆಲ್ ಧಾರವಾಡಕ್ಕೆ ಬಂದಾಗ ಅವನ ಹಿಂದೆ ಮಿಶನ್ ಇತ್ತು, ಬಿಳಿ ಚರ್ಮ ಇತ್ತು, ಸಾಹೇಬ ಅನ್ನೋ ಹೆಸರಿತ್ತು. ಕೌಂಡಿನ್ಯ ಬಾಸೆಲ್‌ಗೆ ಹೋದಾಗ ಹಿಂದೆ ಇದ್ದದ್ದು ತಿರುಗಿ ಸೇರಿಸಿಕೊಳ್ಳದ ಒಂದು ಜಾತಿ. ಹೊಂದಿಕೊಳ್ಳಬೇಕಾದ ಭಾರ ಯಾರ ಮೇಲೆ ಎಷ್ಟು ಬೀಳುತ್ತೆ ಅನ್ನೋದು ಊರನ್ನ ನೋಡಿ ನಿರ್ಧಾರ ಆಗಲ್ಲ, ಹೋಗೋನ ಹಿಂದೆ ಏನಿದೆ ಅನ್ನೋದರ ಮೇಲೆ ಆಗುತ್ತೆ. ಇಂಗ್ಲಿಷಿನಲ್ಲೇ ಕೆಲಸ ನಡೆಯೋ ಆಫೀಸಿಗೆ ಬಂದ ನನ್ನಂಥವನ ಹೊಸ ಊರೂ, ಸಾಲ ಮಾಡಿ ಗಲ್ಫಿನ ಲೇಬರ್ ಕ್ಯಾಂಪಿಗೆ ಇಳಿದ ನಮ್ಮೂರ ಹುಡುಗನ ಹೊಸ ಊರೂ ಒಂದೇ ಪದದಲ್ಲಿ ಹೇಳೋ ಅಷ್ಟು ಒಂದೇ ಅಲ್ಲ. ಹೊರದೇಶಕ್ಕೆ ಹೋಗಿ ಹೊಂದಿಕೊಂಡ ಕನ್ನಡ ನಾಡಿನವನ ಕಥೆ ಬೇಕಿದ್ದರೆ ನಮ್ಮ ನಿಜವಾದ ಪೂರ್ವಜ ಕಿಟ್ಟೆಲ್ ಅಲ್ಲ, ಕೌಂಡಿನ್ಯ. ಆದರೆ ಅವನು ನಮ್ಮ ವೇದಿಕೆಗೆ ಬರೋದಿಲ್ಲ. ಬಂದರೆ ಮತಾಂತರ, ಜಾತಿ ಎರಡನ್ನೂ ಬಾಯಿಬಿಟ್ಟು ಮಾತಾಡಬೇಕಾಗುತ್ತೆ. ನಮ್ಮ ಭಾಷೆಯನ್ನ ಮೆಚ್ಚಿಕೊಂಡ ಬಿಳಿಯನ ಕಥೆ ಅದಕ್ಕಿಂತ ಹಿತ.

ಇಲ್ಲೇ ನನಗೆ ಚುಚ್ಚೋದು. ನಾವು ಕಿಟ್ಟೆಲ್ ಕಥೆ ಹೇಳೋದು ಕಿಟ್ಟೆಲ್‌ಗೋಸ್ಕರ ಅಲ್ಲ. ಹೊರಗಿನವನ ಮೆಚ್ಚುಗೆ ಬಂದ ಮೇಲೆಯೇ ನಮ್ಮದು ಬೆಲೆಯುಳ್ಳದ್ದು ಅಂತ ನಂಬೋ ಅಭ್ಯಾಸಕ್ಕೋಸ್ಕರ. ಆ ಅಭ್ಯಾಸವನ್ನೇ ಮಕ್ಕಳಿಗೂ ದಾಟಿಸ್ತೀವಿ, ಅದೂ ನಾಚಿಕೆಯ ರೂಪದಲ್ಲಿ. ಜರ್ಮನ್ ಪೌರತ್ವ ಬೇಕಾದ್ರೆ ಬಿ1 ಮಟ್ಟದ ಭಾಷೆ, 33 ಪ್ರಶ್ನೆಯಲ್ಲಿ 17 ಸರಿ ಉತ್ತರ ಅಂತ ಒಂದು ಅಳತೆ ಇದೆ. ಸರ್ಕಾರಕ್ಕೆ ಏನೋ ಒಂದು ಅಳತೆ ಬೇಕು, ಸರಿ. ಆದರೆ ಮನೆಯೊಳಗೂ ನಾವು ಅದನ್ನೇ ಮಾಡ್ತಿದ್ದೀವಿ. ವೇದಿಕೆ ಮೇಲೆ ನಾಲ್ಕು ಸಾಲು ಉರು ಹೊಡೆದು ಒಪ್ಪಿಸಿದರೆ ಕನ್ನಡ ಬಂತು, ತಡವರಿಸಿದರೆ ಬರಲಿಲ್ಲ. ಮಗು ಅಜ್ಜನ ಜೊತೆ ವೀಡಿಯೊ ಕಾಲಿನಲ್ಲಿ ಮುರುಕಲು ಕನ್ನಡದಲ್ಲಿ ಅರ್ಧ ಗಂಟೆ ಜಗಳ ಆಡಿದ್ದು ಯಾವ ಕಂಬದಲ್ಲೂ ದಾಖಲಾಗೋದಿಲ್ಲ. ಮಿಶನ್ ಕಿಟ್ಟೆಲ್‌ಗೆ ಅಂಕ ಹಾಕಿದ ಹಾಗೇ ನಾವು ನಮ್ಮ ಮಕ್ಕಳಿಗೆ ಅಂಕ ಹಾಕ್ತಿದ್ದೀವಿ.

ಹಾಗಾದ್ರೆ ಆ ಕಥೆ ಬಿಟ್ಟುಬಿಡಬೇಕಾ? ಬೇಡ. ಸರಿಯಾಗಿ ಹೇಳೋಣ. ಒಬ್ಬ ಹುಡುಗ ಜನರನ್ನ ಬದಲಾಯಿಸೋಕೆ ಅಂತ ಬಂದ. ಅವರು ಅವನು ಅಂದುಕೊಂಡ ಹಾಗೆ ಬದಲಾಗಲಿಲ್ಲ. ಅವರನ್ನ ಕೇಳ್ತಾ ಕೇಳ್ತಾ ಅವನ ಆಯುಷ್ಯವೇ ಕಳೆಯಿತು. ಎಷ್ಟೋ ಜನ ಹೆಸರಿಲ್ಲದವರು ಅವನನ್ನ ತಿದ್ದಿದರು. ಅವನ ಮನೆಯವರು ಅದರ ಬೆಲೆ ಕೊಟ್ಟರು. ಒಮ್ಮೆ ಊರಿಗೆ ಹೋದವನು ತಾನಾಗಿ ತಿರುಗಿ ಬಂದ. ಈ ಕಥೆ ಕೇಳಿದ ಮಗುವಿಗೆ ನಾಚಿಕೆ ಆಗೋದಿಲ್ಲ. ಭಾಷೆ ಬರೋದು ಪ್ರತಿಭೆಯಿಂದಲ್ಲ, ತಿದ್ದೋರು ಪಕ್ಕದಲ್ಲಿದ್ದು ತಿದ್ದಿಸಿಕೊಳ್ಳೋಕೆ ಸಂಕೋಚ ಇಲ್ಲದಿದ್ದರೆ ಅಂತ ಅದಕ್ಕೆ ತಿಳಿಯುತ್ತೆ. ತಿದ್ದೋ ನಮಗೂ ಒಂದು ಪಾಠ ಇದೆ: ಧಾರವಾಡದ ಜನ ಅವನ ಉಚ್ಚಾರಣೆ ಕೇಳಿ ನಕ್ಕೇ ಇರ್ತಾರೆ, ಆದರೆ ನಕ್ಕ ಮೇಲೂ ಪದ ಹೇಳಿಕೊಟ್ಟರು. ನಾವು ಎಷ್ಟೋ ಸಲ ನಗೋದಕ್ಕೇ ನಿಲ್ಲಿಸಿ, ಇಂಗ್ಲಿಷಿಗೆ ಜಾರಿಬಿಡ್ತೀವಿ.

ನಿಘಂಟಿನ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಸಿಗುತ್ತೆ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ, ಮದ್ರಾಸ್ ವಿಶ್ವವಿದ್ಯಾನಿಲಯದ ನಾಲ್ಕು ಸಂಪುಟಗಳೂ ಇವೆ. ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಹಿರಿಯರೊಬ್ಬರು ಮಾತ್ರ ಆಡೋ ಒಂದು ಪದ ಹಿಡಿದುಕೊಳ್ಳಿ. ನಿಘಂಟಿನಲ್ಲಿ ಹುಡುಕಿ. ಸಿಕ್ಕರೆ, ಅದಕ್ಕೆ ತುಳುವಿನಲ್ಲಿ, ತಮಿಳಿನಲ್ಲಿ ನೆಂಟರಿದ್ದಾರಾ ನೋಡಿ. ಸಿಗದಿದ್ದರೆ ಇನ್ನೂ ಒಳ್ಳೇದು, ಕಿಟ್ಟೆಲ್‌ಗೆ ಯಾರೂ ಹೇಳಿಕೊಡದ ಪದವೊಂದು ನಿಮ್ಮ ಅಜ್ಜಿಯ ಬಾಯಲ್ಲಿದೆ ಅಂತ ಆಯ್ತು. ಆಗ ಅಜ್ಜಿಗೆ ಫೋನ್ ಮಾಡಿ, ಅರ್ಥ ಕೇಳಿ, ಬರೆದಿಟ್ಟುಕೊಳ್ಳಿ. ಪಕ್ಕದಲ್ಲಿ ಅಜ್ಜಿಯ ಹೆಸರನ್ನೂ ಬರೆಯಿರಿ.